ಐದು ಸಾವಿರದ ರೇಜರ್ ತಗೋಬೇಕಾ? ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ನಿಮ್ಮ ಪ್ರಶ್ನೆ ಇಷ್ಟು: ಪೊನ್ನಂಪೇಟೆ ಕಡೆ ಇದ್ದೀರಿ, ಈಗ ಐದು ಬ್ಲೇಡಿನ ಕಾರ್ಟ್ರಿಡ್ಜ್ ಬಳಸುತ್ತೀರಿ, ಶೇವ್ ಮಾಡಿದ ಮರುದಿನ ಕುತ್ತಿಗೆಯಲ್ಲಿ ಗುಳ್ಳೆ ಏಳುತ್ತವೆ. ಐದು ಸಾವಿರ ಕೊಟ್ಟು ಜರ್ಮನಿಯ ಸೇಫ್ಟಿ ರೇಜರ್, ಬ್ರಷ್, ಬೌಲ್, ಸ್ಟ್ಯಾಂಡ್ ಇರುವ ಸೆಟ್ ತರಿಸಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲವೇ?

ರೇಜರ್ ಬದಲಿಸಿ, ಅದಕ್ಕೆ ನನ್ನ ತಕರಾರಿಲ್ಲ. ಐದು ಸಾವಿರ ಮಾತ್ರ ಬೇಡ. ಸಾವಿರದೊಳಗಿನ ರೇಜರ್ ಸಾಕು, ಉಳಿದದ್ದು ಬ್ಲೇಡು, ನೀರು ಮತ್ತು ಕೈ.

ಮೊದಲು ಲೆಕ್ಕ. ಬೆಲೆ ಅಂಗಡಿಗೊಂದು, ಹಾಗಾಗಿ ಇದು ಅಂದಾಜು. ವಾರಕ್ಕೆ ನಾಲ್ಕು ಶೇವ್ ಅಂದರೆ ವರ್ಷಕ್ಕೆ 208. ಐದು ಬ್ಲೇಡಿನ ಒಂದು ಕಾರ್ಟ್ರಿಡ್ಜಿಗೆ 200 ರೂಪಾಯಿ, ಅದು ಹತ್ತು ಶೇವ್ ಬರುತ್ತದೆ ಎಂದು ಹಿಡಿದರೆ ವರ್ಷಕ್ಕೆ 21 ಬೇಕು, ಅಂದರೆ 4,200 ರೂಪಾಯಿ. ಸೇಫ್ಟಿ ರೇಜರಿಗೆ ಹಾಕುವ ಎರಡಂಚಿನ ಬ್ಲೇಡನ್ನು ವಾರಕ್ಕೊಂದರಂತೆ ಬದಲಿಸಿದರೂ 52, ಒಂದಕ್ಕೆ ನಾಲ್ಕು ರೂಪಾಯಿಯಂತೆ 208 ರೂಪಾಯಿ. ದುಬಾರಿ ರೇಜರ್ ಮಾರುವವರು ತೋರಿಸುವ ಲೆಕ್ಕವೂ ಇದೇ: ಒಂದೂಕಾಲು ವರ್ಷದಲ್ಲಿ ಐದು ಸಾವಿರ ವಾಪಸ್. ಲೆಕ್ಕ ಸುಳ್ಳಲ್ಲ. ಆದರೆ ಉಳಿತಾಯ ಬಂದದ್ದು ಬ್ಲೇಡಿನಿಂದ, ಹಿಡಿಯಿಂದ ಅಲ್ಲ. 800 ರೂಪಾಯಿಯ ರೇಜರ್ ಇದೇ ಲೆಕ್ಕದಲ್ಲಿ ಮೂರು ತಿಂಗಳೊಳಗೆ ಅಸಲು ತೀರಿಸುತ್ತದೆ.

ಬ್ಲೇಡ್ ಇಷ್ಟು ಅಗ್ಗವಾಗಿರಲು ಕಾರಣವಿದೆ. ಜಿಲೆಟ್ ಕಂಪನಿ ಕಟ್ಟಿದ ಕಿಂಗ್ ಕ್ಯಾಂಪ್ ಜಿಲೆಟ್‌ಗೆ ಈ ರೇಜರಿನ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಅದು ಮುಗಿದು ಯಾವ ಕಾಲವಾಯಿತೋ. ಈಗ ಯಾರು ಬೇಕಾದರೂ ಬ್ಲೇಡ್ ಮಾಡಬಹುದು, ಯಾವ ಕಂಪನಿಯ ಬ್ಲೇಡಾದರೂ ಯಾವ ಕಂಪನಿಯ ರೇಜರಿಗೂ ಕೂರುತ್ತದೆ. ಕಾರ್ಟ್ರಿಡ್ಜ್ ಹಾಗಲ್ಲ. ಹಿಡಿಗೆ ಅದು ಸಿಕ್ಕಿಕೊಳ್ಳುವ ಕೊಂಡಿ ಆಯಾ ಕಂಪನಿಯದ್ದು, ಒಮ್ಮೆ ಹಿಡಿ ಕೊಂಡರೆ ಅವರ ಅಂಗಡಿಗೇ ಹೋಗಬೇಕು. ಹಿಡಿಯನ್ನು ಅಗ್ಗಕ್ಕೆ ಕೊಡುವುದೂ ಅದಕ್ಕೇ.

ಹಾಗಾದರೆ ಇನ್ನೂರರ ರೇಜರಿಗೂ ಐದು ಸಾವಿರದ್ದಕ್ಕೂ ಏನು ವ್ಯತ್ಯಾಸ? ಬ್ಲೇಡಿನ ದಪ್ಪ ಕೇವಲ 0.1 ಮಿಲಿಮೀಟರ್. ಅದನ್ನು ಬಗ್ಗಿಸಿ, ಅಂಚಿಗೆ ಆದಷ್ಟು ಹತ್ತಿರ ಅದುಮಿ ಹಿಡಿಯುವುದೇ ರೇಜರಿನ ಮುಖ್ಯ ಕೆಲಸ. ಅಂಚು ಸಡಿಲವಾಗಿದ್ದರೆ ದಪ್ಪ ಕೂದಲು ಸಿಕ್ಕಾಗ ಬ್ಲೇಡ್ ಅದುರುತ್ತದೆ, ಕೂದಲನ್ನು ಕತ್ತರಿಸುವ ಬದಲು ಎಳೆಯುತ್ತದೆ. ಉರಿ ಶುರುವಾಗುವುದು ಅಲ್ಲಿಂದ. ಇನ್ನೂರರ ರೇಜರುಗಳಲ್ಲಿ ಕೆಲವು ಚೆನ್ನಾಗಿಯೇ ಇರುತ್ತವೆ, ಕೆಲವು ವಕ್ರ. ಅದು ನಿಮ್ಮ ಅದೃಷ್ಟ. 700ರಿಂದ 1,000ದ ಮಟ್ಟದಲ್ಲಿ ಈ ಜೂಜು ಬಹುಮಟ್ಟಿಗೆ ಮುಗಿಯುತ್ತದೆ. ಅದರ ಮೇಲೆ ಕೊಡುವ ದುಡ್ಡು ಹೊಳಪಿಗೆ, ಹಿಡಿಯ ಕೆತ್ತನೆಗೆ, ಹೆಸರಿಗೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ: ಮರ್ಕೂರ್ 34ಸಿ, ಮ್ಯೂಲೆ ಆರ್89ನಂಥ ಹೆಸರಾಂತ ಜರ್ಮನ್ ರೇಜರುಗಳ ತಲೆ ಕೂಡ ಸತುವಿನ ಮಿಶ್ರಲೋಹದ್ದೇ, ಮೇಲೆ ಕ್ರೋಮ್ ಲೇಪ. ಅಚ್ಚು, ಅಳತೆ ಕರಾರುವಾಕ್ಕು, ಅದರಲ್ಲಿ ಮಾತಿಲ್ಲ. ಆದರೆ ಕ್ರೋಮ್ ಬಿರುಕು ಬಿಟ್ಟ ಕಡೆ ತೇವ ಇಳಿದರೆ ಒಳಗಿನ ಸತು ಬಿಳಿ ಪುಡಿಯಾಗಿ ತಿಂದುಹೋಗುವುದು ಅಗ್ಗದ್ದರಲ್ಲೂ ಒಂದೇ, ದುಬಾರಿಯದ್ದರಲ್ಲೂ ಒಂದೇ. ನಮ್ಮ ಕೊಡಗಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಇದು ಸಣ್ಣ ಮಾತಲ್ಲ. ಹೆಚ್ಚು ದುಡ್ಡು ಹಾಕಲೇಬೇಕು ಎನ್ನುವ ಆಸೆಯಿದ್ದರೆ ಪೂರ್ತಿ ಸ್ಟೇನ್‌ಲೆಸ್ ಸ್ಟೀಲ್, ಅದರಲ್ಲೂ 316ಎಲ್ ದರ್ಜೆಯದ್ದಕ್ಕೆ ಹಾಕಿ. ಅದಕ್ಕೆ ಲೇಪವೇ ಇಲ್ಲ, ಏಳುವ ಭಯವೂ ಇಲ್ಲ, ಮಗನಿಗೂ ಬಂದೀತು. ಸತುವಿನ ತಲೆಗೆ ಐದು ಸಾವಿರ ಕೊಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಕೊಳ್ಳುವಾಗ ಮೂರು ತುಂಡಾಗಿ ಬಿಚ್ಚುವ ರೇಜರನ್ನೇ ಆರಿಸಿ. ಹಿಡಿ ತಿರುಗಿಸಿದರೆ ಬಾಗಿಲಿನಂತೆ ತೆರೆದುಕೊಳ್ಳುವ ಮಾದರಿ ನೋಡಲು ಚಂದ, ಆದರೆ ಆ ಕೀಲುಗಳೊಳಗೆ ಸೋಪು ಕಟ್ಟಿಕೊಂಡು ಒಂದೆರಡು ವರ್ಷಕ್ಕೆ ಬಿಗಿಯಾಗುತ್ತದೆ. ಕೈಗೆ ಬಂದ ಕೂಡಲೇ ಪರೀಕ್ಷೆ ಮಾಡಿ. ಮೇಲಿನ ಟೋಪಿಯನ್ನು ಮಗುಚಿ ಮೇಜಿನ ಮೇಲಿಡಿ, ಬ್ಲೇಡನ್ನು ಅದರ ಗಿಡ್ಡ ಬದಿಗಳಲ್ಲಿ ಹಿಡಿದು ಕೂರಿಸಿ, ಮೇಲೆ ತಳದ ತಟ್ಟೆ ಇಟ್ಟು ಹಿಡಿ ತಿರುಗಿಸಿ. ಪೂರ್ತಿ ಬಿಗಿಯುವ ಮುನ್ನ ಎರಡು ತಟ್ಟೆಗಳನ್ನೂ ಬೆರಳಲ್ಲಿ ಅದುಮಿ ಹಿಡಿದರೆ ಬ್ಲೇಡ್ ನೇರ ನಿಲ್ಲುತ್ತದೆ. ಈಗ ತಲೆಯನ್ನು ಕಣ್ಣಿನ ಮಟ್ಟಕ್ಕೆ ತಂದು ಬೆಳಕಿಗೆ ಹಿಡಿಯಿರಿ. ಎರಡೂ ಕಡೆ ಅಂಚು ಒಂದೇ ಅಳತೆ ಹೊರಗೆ ಕಾಣಬೇಕು. ಒಂದು ಕಡೆ ದಪ್ಪ ಗೆರೆ, ಇನ್ನೊಂದು ಕಡೆ ಎಳೆಯಷ್ಟು ಎಂದಾದರೆ ಬಿಚ್ಚಿ ಮತ್ತೆ ಕೂರಿಸಿ. ಎರಡು ಮೂರು ಸಲ ಮಾಡಿದರೂ ಹಾಗೇ ಇದ್ದರೆ ಅಚ್ಚೇ ವಕ್ರ, ವಾಪಸ್ ಕಳಿಸಿ. ಮತ್ತೆ, ಬಿಗಿಯಲು ಎರಡು ಬೆರಳಿನ ಬಲ ಸಾಕು. ಸತುವಿನ ರೇಜರುಗಳು ಹಾಳಾಗುವುದು ಹೆಚ್ಚಾಗಿ ಟೋಪಿಯ ತಿರುಪು ಮುರಿದು, ಅದು ಮುರಿಯುವುದು ಸಿಟ್ಟಿನಿಂದ ಬಿಗಿದದ್ದರಿಂದ.

ಬ್ಲೇಡಿನಲ್ಲಿ ಜಾಣತನ ಮಾಡಬೇಡಿ. ಟೋಪಾಜ್, ಸೂಪರ್‌ಮ್ಯಾಕ್ಸ್, ಸೆವೆನ್ ಓ ಕ್ಲಾಕ್, ಆಸ್ಟ್ರಾ, ಯಾವುದಾದರೂ ಮೂರು ನಾಲ್ಕು ಬಗೆಯ ಒಂದೊಂದು ಪ್ಯಾಕೆಟ್ ತಂದು, ಒಂದೊಂದು ಬಗೆಯನ್ನು ಎರಡೆರಡು ವಾರ ಬಳಸಿ ನೋಡಿ. ಒಬ್ಬರಿಗೆ ಬೆಣ್ಣೆ ಎನಿಸಿದ್ದು ಇನ್ನೊಬ್ಬರಿಗೆ ಗರಗಸ. ಜಪಾನಿನ ಫೆದರ್ ಬಲು ಹರಿತ, ಬೆಲೆಯೂ ಜಾಸ್ತಿ. ಕೈ ಪಳಗುವವರೆಗೆ ಅದು ಬೇಡ. ಒಂದು ಬ್ಲೇಡು ನಾಲ್ಕೈದು ಶೇವ್, ಅಷ್ಟೇ. ಸ್ಟೀಲು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ, ಆದರೂ ಮೊಂಡಾಗುತ್ತದಲ್ಲ ಏಕೆ? ಇದನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಸೂಕ್ಷ್ಮದರ್ಶಕದಡಿ ನೋಡಿ 2020ರಲ್ಲಿ ಪ್ರಕಟಿಸಿದರು. ಅಂಚು ಸವೆಯುವುದಕ್ಕಿಂತ ಹೆಚ್ಚಾಗಿ ಚೂರು ಚೂರಾಗಿ ಕಿತ್ತುಹೋಗುತ್ತದೆ. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಲೋಹದ ಒಳರಚನೆ ಸಮವಾಗಿಲ್ಲದ ಜಾಗದಲ್ಲಿ ಹೀಗೆ ಚೂರು ಏಳುತ್ತದೆ. ಗಡ್ಡ ನೆನೆಸದೆ ಒಣದಾಗಿ ಎಳೆದವರ ಬ್ಲೇಡು ಎರಡೇ ದಿನಕ್ಕೆ ಕಚ್ಚುತ್ತದೆ ಎಂದರೆ ಆಶ್ಚರ್ಯವಿಲ್ಲ.

ಅಲ್ಲಿಗೆ ನೀರಿನ ವಿಷಯ. ನನ್ನ ಪ್ರಕಾರ ಶೇವ್ ಚೆನ್ನಾಗಿ ಬರುವುದು ಬಿಡುವುದು ಅರ್ಧ ಇಲ್ಲೇ ತೀರ್ಮಾನವಾಗುತ್ತದೆ, ಇದಕ್ಕೆ ಖರ್ಚೂ ಇಲ್ಲ. ಗಡ್ಡದ ಕೂದಲು ನೀರು ಕುಡಿದರೆ ಕತ್ತರಿಸಲು ಬೇಕಾದ ಬಲ ಬಹಳ ಕಡಿಮೆಯಾಗುತ್ತದೆ, ಆದರೆ ಕುಡಿಯಲು ಎರಡು ಮೂರು ನಿಮಿಷ ಬೇಕು. ಡಿಸೆಂಬರ್ ಬೆಳಗಿನ ನಲ್ಲಿ ನೀರಲ್ಲಿ ಮುಖ ತೊಳೆದು ಕೂಡಲೇ ಶುರುಮಾಡಿದರೆ ಎಂಥ ರೇಜರೂ ಎಳೆಯುತ್ತದೆ. ಸ್ನಾನ ಮುಗಿಸಿಯೇ ಶೇವ್ ಮಾಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಗೀಸರ್ ಸತ್ತರೂ ಬಚ್ಚಲ ಹಂಡೆಯಲ್ಲಿ ಬಿಸಿನೀರು ಇದ್ದೇ ಇರುತ್ತದಲ್ಲ. ಟವೆಲ್ ಅದ್ದಿ ಹಿಂಡಿ ಗಡ್ಡಕ್ಕೆ ಎರಡು ನಿಮಿಷ ಒತ್ತಿಕೊಂಡರೂ ಆಯಿತು. ಚರ್ಮ ಕೆಂಪಾಗುವಷ್ಟು ಬಿಸಿ ಬೇಡ.

ಕೊಡಗಿನವರಿಗೆ ಇನ್ನೊಂದು ಅನುಕೂಲ: ತೋಡು, ಒರತೆ, ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದು. ನೊರೆ ಬೇಗ ಏಳುತ್ತದೆ, ಕ್ರೀಮ್ ಕಡಿಮೆ ಸಾಕು. ಬಟಾಣಿ ಕಾಳಿನಷ್ಟು, ಸುಮಾರು ಒಂದು ಗ್ರಾಂ ಹಿಂಡಿ, ಬ್ರಷ್ಷನ್ನು ನೀರಲ್ಲಿ ಅದ್ದಿ ಒಮ್ಮೆ ಕೊಡವಿ, ಮುಖದ ಮೇಲೇ ಸುತ್ತಿ. ನಡುವೆ ಎರಡು ಮೂರು ಸಲ ಬ್ರಷ್ ತುದಿಗೆ ನಾಲ್ಕೈದು ಹನಿ ನೀರು ಸೇರಿಸಿ. ನೊರೆ ಮಜ್ಜಿಗೆ ಗುಳ್ಳೆಯಂತೆ ಒಡೆಯುತ್ತಿದ್ದರೆ ನೀರು ಹೆಚ್ಚಾಯಿತು. ಅಂಟಂಟಾಗಿ ಮಂಕಾಗಿದ್ದರೆ ಇನ್ನೂ ಬೇಕು. ಹೊಳೆಯುತ್ತಾ ದಟ್ಟವಾಗಿ ನಿಂತರೆ ಸರಿ. ಮೆದು ನೀರಲ್ಲಿ ತೊಳೆದ ಮೇಲೂ ಮುಖ ಜಾರುಜಾರೆನಿಸುತ್ತದೆ, ಸೋಪು ಹೋಗಿಲ್ಲ ಎಂದು ಉಜ್ಜುತ್ತಾ ಕೂರಬೇಡಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಅದರ ಸುಣ್ಣದಂಶ ಸೋಪಿನ ಜೊತೆ ಸೇರಿ ಬಿಳಿ ಕೆನೆಯಾಗುತ್ತದೆ, ನೊರೆ ನಿಲ್ಲುವುದಿಲ್ಲ. ಆಗ ನೊರೆಗೆ ಬೇಕಾದ ಅರ್ಧ ಲೋಟ ಮಳೆನೀರು ಹಿಡಿದಿಟ್ಟುಕೊಳ್ಳಿ. ಡಬ್ಬಿಯ ಫೋಮ್ ಬಗ್ಗೆ ಹೇಳುವುದಾದರೆ, ಅದು ಉಬ್ಬಿದ ಗಾಳಿ. 70 ಗ್ರಾಂನ ಸಾದಾ ಗೋದ್ರೆಜ್ ಅಥವಾ ಪಾಮೋಲಿವ್ ಕ್ರೀಮ್ ಟ್ಯೂಬು ಅದಕ್ಕಿಂತ ಚೆನ್ನಾಗಿ ಗಡ್ಡ ನೆನೆಸುತ್ತದೆ.

ಇನ್ನು ನಿಮ್ಮ ಕುತ್ತಿಗೆ. ಹಲವು ಬ್ಲೇಡುಗಳ ಕಾರ್ಟ್ರಿಡ್ಜಿನಲ್ಲಿ ಮೊದಲ ಬ್ಲೇಡು ಕೂದಲನ್ನು ಹಿಡಿದು ಸ್ವಲ್ಪ ಮೇಲೆಳೆಯುತ್ತದೆ, ಅದು ಒಳಗೆ ಜಾರುವಷ್ಟರಲ್ಲಿ ಹಿಂದಿನದು ಕತ್ತರಿಸುತ್ತದೆ. ಹೀಗೆ ಕೂದಲಿನ ತುದಿ ಚರ್ಮಕ್ಕಿಂತ ಕೆಳಗೆ ಉಳಿಯುತ್ತದೆ. ಕೈಯಾಡಿಸಿದರೆ ನುಣ್ಣಗೆ, ಸಂತೋಷ. ಆದರೆ ಕುತ್ತಿಗೆಯ ಕೂದಲು ಗುಂಗುರಾಗಿ ಮಲಗಿ ಬೆಳೆಯುವವರಿಗೆ ಆ ಚೂಪು ತುದಿ ಹೊರಬರುವ ಬದಲು ಚರ್ಮಕ್ಕೇ ಚುಚ್ಚಿಕೊಂಡು ಗುಳ್ಳೆಯಾಗುತ್ತದೆ. ಒಂಟಿ ಬ್ಲೇಡು ಚರ್ಮದ ಮಟ್ಟಕ್ಕೆ ಕತ್ತರಿಸಿ ಬಿಡುವುದರಿಂದ ಈ ಕಾಟ ಕಡಿಮೆ. ನಿಮಗೆ ಬದಲಾಯಿಸಿ ಎಂದದ್ದು ಈ ಕಾರಣಕ್ಕೆ. ಸೇಫ್ಟಿ ರೇಜರ್ ಹೆದರಿಕೆ ಎನಿಸಿದರೆ ಜಿಲೆಟ್ ಗಾರ್ಡ್ ನೋಡಿ. 2010ರಲ್ಲಿ ಭಾರತಕ್ಕೆಂದೇ ತಂದ ಒಂಟಿ ಬ್ಲೇಡಿನ ಕಾರ್ಟ್ರಿಡ್ಜ್ ಅದು, ಬಂದಾಗ ಹಿಡಿಗೆ 15 ರೂಪಾಯಿ, ಕಾರ್ಟ್ರಿಡ್ಜಿಗೆ 5 ಇತ್ತು. ಹರಿಯುವ ನಲ್ಲಿಯಿಲ್ಲದೆ ಒಂದು ಲೋಟ ನೀರಲ್ಲೇ ಅದ್ದಿ ಶೇವ್ ಮಾಡುವವರನ್ನು ನೋಡಿ ಮಾಡಿದ್ದರಿಂದ ಸುಲಭಕ್ಕೆ ಕೂದಲು ಕಟ್ಟಿಕೊಳ್ಳುವುದಿಲ್ಲ.

ಸೇಫ್ಟಿ ರೇಜರ್ ಹಿಡಿಯುವ ಕ್ರಮ: ಟೋಪಿಯನ್ನು ಕೆನ್ನೆಗೆ ತಾಗಿಸಿ ಹಿಡಿಯನ್ನು ಮುಖಕ್ಕೆ ಲಂಬವಾಗಿಡಿ, ನಿಧಾನವಾಗಿ ಹಿಡಿಯನ್ನು ಕೆಳಗಿಳಿಸಿ. ಅಂಚು ಕೂದಲಿಗೆ ತಾಗಿ ಸರ್ ಎಂಬ ಸದ್ದು ಬಂದ ಕೋನವೇ ನಿಮ್ಮದು, ಬ್ಲೇಡಿಗೂ ಚರ್ಮಕ್ಕೂ ಸುಮಾರು 30 ಡಿಗ್ರಿ. ಒತ್ತಬೇಡಿ, ರೇಜರಿನ ಭಾರವೇ ಸಾಕು. ಕಾರ್ಟ್ರಿಡ್ಜಿನಿಂದ ಬಂದವರು ಎಲ್ಲರೂ ಒತ್ತುತ್ತಾರೆ, ಮೊದಲ ವಾರದ ಗೀರುಗಳೆಲ್ಲ ಅದರವೇ. ಎರಡು ಮೂರು ಸೆಂಟಿಮೀಟರಿನ ಸಣ್ಣ ಎಳೆತ, ಇನ್ನೊಂದು ಕೈಯಲ್ಲಿ ಚರ್ಮ ಸ್ವಲ್ಪ ಬಿಗಿಹಿಡಿದಿರಬೇಕು. ಕುತ್ತಿಗೆಯಲ್ಲಿ ಕೂದಲು ಬೆಳೆಯುವ ದಿಕ್ಕು ಕೆನ್ನೆಯಂತೆ ನೇರ ಕೆಳಕ್ಕಿರುವುದಿಲ್ಲ. ಎರಡು ದಿನದ ಗಡ್ಡದ ಮೇಲೆ ಬೆರಳಾಡಿಸಿ ಎಲ್ಲಿ ಯಾವ ಕಡೆಗೆ ಬಾಗಿದೆ ಎಂದು ಗುರುತಿಟ್ಟುಕೊಳ್ಳಿ, ಆ ದಿಕ್ಕಿಗೇ ಎಳೆಯಿರಿ. ಎರಡನೇ ಸುತ್ತು ಬೇಕಾದರೆ ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ. ಗುಳ್ಳೆ ಇರುವವರೆಗೆ ಕುತ್ತಿಗೆಗೆ ಎದುರುಮುಖದ ಸುತ್ತು ಬೇಡವೇ ಬೇಡ. ಕೊನೆಗೆ ತಣ್ಣೀರು, ಪಟಿಕದ ಕಲ್ಲು ಒದ್ದೆ ಮಾಡಿ ಒಮ್ಮೆ ಸವರಿ, ಅರ್ಧ ನಿಮಿಷಕ್ಕೆ ತೊಳೆದುಬಿಡಿ. ಎಲ್ಲಿ ಉರಿಯಿತೋ ಅಲ್ಲಿ ಒತ್ತಿದ್ದೀರಿ ಎಂದರ್ಥ. ಕೀವು ತುಂಬಿದ ಗುಳ್ಳೆಗಳಿದ್ದರೆ ಮಾತ್ರ ರೇಜರ್ ಪಕ್ಕಕ್ಕಿಟ್ಟು ಚರ್ಮದ ವೈದ್ಯರನ್ನು ಕಾಣಿ.

ಬ್ರಷ್ಷಿಗೆ ಸಿಂಥೆಟಿಕ್ಕೇ ಇರಲಿ, ಮುನ್ನೂರು ನಾಲ್ಕುನೂರರದ್ದು. ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನವು, ಹಂದಿಕೂದಲಿನವು ನೀರು ಹೀರಿ ನಿಧಾನ ಒಣಗುತ್ತವೆ. ಮಡಿಕೇರಿ, ಭಾಗಮಂಡಲದ ಕಡೆ ಜುಲೈನಲ್ಲಿ ಗೋಡೆಯೇ ಬೆವರುವಾಗ ಬುಡದಲ್ಲಿ ಬೂಷ್ಟು ಹಿಡಿದು ವಾಸನೆ ಬರುತ್ತದೆ, ಸಾವಿರಾರು ರೂಪಾಯಿಯ ಬ್ರಷ್ ಎಸೆಯಬೇಕಾಗುತ್ತದೆ. ಮರದ ಹಿಡಿ, ಚರ್ಮದ ಚೀಲ, ಮರದ ಬೌಲ್ ಮೂರೂ ಅದೇ ಗತಿ. ಬೌಲಿಗೆ ಅಡುಗೆಮನೆಯ ಸ್ಟೀಲ್ ಬಟ್ಟಲು ಸಾಕು. ಸ್ಟ್ಯಾಂಡ್ ಏಕೆ ಬೇಕೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಬ್ರಷ್ ಮತ್ತು ರೇಜರನ್ನು ಬಚ್ಚಲಲ್ಲಿ ಬಿಡದೆ, ನೀರು ಕೊಡವಿ, ಗಾಳಿಯಾಡುವ ಕಿಟಕಿ ಹತ್ತಿರ ಇಡಿ. ಬ್ಲೇಡಿನ ಅಂಚನ್ನು ಟವೆಲ್ಲಿನಿಂದ ಒರೆಸಬೇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ರೇಜರ್ ಬಿಚ್ಚಿ ಹಳೆ ಟೂತ್‌ಬ್ರಷ್ಷಿನಲ್ಲಿ ತಿರುಪು ಉಜ್ಜಿ, ಒಣಗಿಸಿ ಜೋಡಿಸಿ.

ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಒಡಿಕತ್ತಿ (ಕೊಡವರ ಬಾಗಿದ ಕತ್ತಿ) ತೊಳೆದು ಹೊಳಪಿಸುವ ಊರಿನವರಿಗೆ ಹಳೇಕಾಲದ ಮಡಿಸುವ ಕ್ಷೌರದ ಕತ್ತಿಯ ಮೋಹ ಬರುವುದು ಸಹಜ. ಬಂದರೆ ಪೂರ್ತಿ ಖರ್ಚು ತಿಳಿದು ಇಳಿಯಿರಿ: 1000, 4000, 8000 ನಂಬರಿನ ಸಾಣೆಕಲ್ಲು, ಚರ್ಮದ ಪಟ್ಟಿ, ಪ್ರತಿ ಶೇವಿಗೂ ಮೊದಲು ಮೂವತ್ತು ನಲವತ್ತು ಸಲ ಪಟ್ಟಿಗೆ ಉಜ್ಜುವುದು, ಕಾರ್ಬನ್ ಸ್ಟೀಲಿಗೆ ಪ್ರತಿ ಸಲ ಎಣ್ಣೆ. ಹವ್ಯಾಸಕ್ಕೆ ಸೊಗಸು, ಉಳಿತಾಯಕ್ಕೆ ಅಲ್ಲ.

ಬಳಸಿದ ಬ್ಲೇಡನ್ನು ದಯವಿಟ್ಟು ಗೊಬ್ಬರದ ಗುಂಡಿಗೋ ಕಾಫಿ ಗಿಡದ ಬುಡಕ್ಕೋ ಎಸೆಯಬೇಡಿ. ಕಳೆ ಕೀಳುವವರ ಬರಿಗೈಗೆ, ದನದ ಗೊರಸಿಗೆ ಸಿಗುತ್ತದೆ. ಮುಚ್ಚಳ ಬಿಗಿಯಾದ ತಗಡಿನ ಡಬ್ಬಿಯೊಂದಕ್ಕೆ ಬ್ಲೇಡು ಹೋಗುವಷ್ಟು ಸೀಳು ಕೊರೆದು ಅದರಲ್ಲಿ ಹಾಕುತ್ತಾ ಬನ್ನಿ. ವಾರಕ್ಕೊಂದರಂತೆ ತುಂಬಲು ವರ್ಷಗಳೇ ಬೇಕು. ತುಂಬಿದ ಮೇಲೆ ಸೀಳಿಗೆ ಟೇಪ್ ಸುತ್ತಿ, ಒಳಗೆ ಬ್ಲೇಡ್ ಇದೆ ಎಂದು ಮೇಲೆ ಬರೆದು ಪಂಚಾಯಿತಿಯ ಕಸದ ಗಾಡಿಯವರ ಕೈಗೇ ಹೇಳಿ ಕೊಡಿ.