5ಜಿ ಫೋನ್ ತಗೊಂಡೆ, ಆದರೂ 4ಜಿ ಅಂತಲೇ ತೋರಿಸುತ್ತಿದೆ. ಸಿಮ್ ಅಪ್‌ಗ್ರೇಡ್ ಮಾಡಿಸಲೇಬೇಕಾ?

"ಅಂಗಡಿಯಲ್ಲಿ ಸಿಮ್ ಹಳೆಯದಾಯಿತು ಅಂದರು, ನಾಳೆಯೇ ಹೋಗಿ ಬದಲಾಯಿಸುತ್ತೇನೆ" ಎಂದು ಬರೆದಿದ್ದೀರಲ್ಲ, ಆ "ನಾಳೆಯೇ" ನೋಡಿ ಕೈಯಲ್ಲಿದ್ದ ಕೆಲಸ ಬಿಟ್ಟು ಬರೆಯಲು ಕೂತೆ. ಬೇಡ. ಬದಲಾಯಿಸಲೇಬೇಕು ಅಂತಿದ್ದರೂ ನಾಳೆ ಬೇಡ.

ನನ್ನದು ಉಡುಪಿ ಹತ್ತಿರ ಹಿರಿಯಡ್ಕ ಕಡೆ. ಕಳೆದ ವರ್ಷ, 2025ರ ಆಗಸ್ಟ್ ತಿಂಗಳು, ಜೋರು ಮಳೆ. ಮುಂಬೈಯಿಂದ ಅಕ್ಕನ ಫೋನ್ ಬಂತು. ಭಾವನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದಾರೆ, ಸೋಮವಾರ ಬೈಪಾಸ್. ಅಮ್ಮ ಆಗಲೇ ಬ್ಯಾಗಿಗೆ ಸೀರೆ ತುಂಬಲು ಶುರು ಮಾಡಿದ್ದರು. ಅವರಿಗೆ ಎರಡೂ ಮೊಣಕಾಲು ನೋವು, ಬಸ್ಸಿನಲ್ಲಿ ಹತ್ತಿ ಇಳಿಯುವುದು ಆಗುವುದಿಲ್ಲ. ರೈಲೇ ಆಗಬೇಕು. ಮತ್ಸ್ಯಗಂಧದಲ್ಲಿ ಮಾಮೂಲಿ ಟಿಕೆಟ್ ಉಂಟಾ ನೋಡಿದರೆ ವೇಟಿಂಗ್ ಲಿಸ್ಟ್ ಉದ್ದಕ್ಕೆ ಹೋಗಿತ್ತು. ಉಳಿದದ್ದು ತತ್ಕಾಲ್.

ತತ್ಕಾಲ್ ಮಾಡಿದವರಿಗೆ ಗೊತ್ತು, ಅದೊಂದು ಓಟ. ಹೊರಡುವ ಹಿಂದಿನ ದಿನ ಬೆಳಿಗ್ಗೆ 10 ಗಂಟೆಗೆ ಎಸಿ, 11ಕ್ಕೆ ಸ್ಲೀಪರ್ ತೆರೆಯುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಖಾಲಿ. ನನ್ನ ಹೊಸ 5ಜಿ ಫೋನು ಮೂರು ತಿಂಗಳಿಂದ ಮೇಲೆ 4ಜಿ ಅಂತಲೇ ತೋರಿಸುತ್ತಿತ್ತು. ಬುಧವಾರ ಸಂಜೆ ನನಗೊಂದು ಬುದ್ಧಿ ಹೊಳೆಯಿತು ನೋಡಿ. ನಾಳೆ ಬುಕಿಂಗ್, ನೆಟ್ ಸ್ಪೀಡ್ ಬೇಕು, ಇವತ್ತೇ ಸಿಮ್ 5ಜಿ ಮಾಡಿಸಿಬಿಡೋಣ.

ಅಂಗಡಿ ಯಾವುದು, ಕಂಪನಿ ಯಾವುದು ಎಂದು ಹೇಳುವುದಿಲ್ಲ. ಅಲ್ಲಿದ್ದ ಹುಡುಗನದ್ದು ಪೂರ್ತಿ ತಪ್ಪೂ ಅಲ್ಲ. "ಅಣ್ಣ, ಈ ಸಿಮ್ ಹಳೇದು, ಹೊಸದು ಹಾಕಿದ್ರೆ ಸರಿ ಆಗ್ಬಹುದು" ಎಂದ. ಆ "ಆಗ್ಬಹುದು" ನನ್ನ ಕಿವಿಗೆ "ಆಗ್ತದೆ" ಎಂದು ಕೇಳಿಸಿತು. ಆಧಾರ್ ಕೊಟ್ಟೆ, ಫೋಟೋ ತೆಗೆದ. ಹಳೆಯ ಸಿಮ್‌ಗೆ ಕಂಪನಿಯಿಂದ ಒಂದು ಮೆಸೇಜ್ ಬಂತು. ಇಂಗ್ಲಿಷಿನಲ್ಲಿ ನಾಲ್ಕೈದು ಸಾಲು. ಸಿಮ್ ಬದಲಾಯಿಸಲು ಕೇಳಿದ್ದೀರಿ, ಒಪ್ಪಿಗೆ ಇದ್ದರೆ 1 ಎಂದು ಉತ್ತರಿಸಿ. ಅಷ್ಟು ಓದಿದೆ. 1 ಒತ್ತಿದೆ. ಕೊನೆಯ ಸಾಲು ಓದಲಿಲ್ಲ.

ಕೊನೆಯ ಸಾಲಿನಲ್ಲಿ ಇದ್ದದ್ದು ಇಷ್ಟೇ: ಹೊಸ ಸಿಮ್ ಚಾಲೂ ಆದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಇರುವುದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸಹಿಸಿಕೊಳ್ಳಿ. ಯಾಕೆಂದರೆ ಇದು ಒಂದು ಕಂಪನಿಯ ಕಿತಾಪತಿ ಅಲ್ಲ, ಸರ್ಕಾರದ ನಿಯಮ, ಎಲ್ಲ ಕಂಪನಿಗೂ ಅನ್ವಯ. ಸಿಮ್ ಬದಲಾದ ಮೇಲೆ ಒಂದು ದಿನ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಮೋಸ ಎಲ್ಲಿ ಅಂದರೆ, ಉಳಿದದ್ದೆಲ್ಲ ಸರಿ ಇರುತ್ತದೆ. ರಾತ್ರಿ ಎಂಟೂವರೆ ಹೊತ್ತಿಗೆ ಹಳೆಯ ಸಿಮ್ ಸತ್ತಿತು, ಹೊಸದು ಹಾಕಿದೆ, ಟವರ್ ಬಂತು. ಅಕ್ಕನಿಗೆ ಫೋನ್ ಮಾಡಿದೆ, ಹೋಯಿತು. ನೆಟ್ ಬಂತು. ವಾಟ್ಸಾಪಿನಲ್ಲಿ ಫ್ಯಾಮಿಲಿ ಗ್ರೂಪಿನ ಗುಡ್ ನೈಟ್‌ಗಳು ಸಾಲಾಗಿ ಬಂದು ಬಿದ್ದವು. ನಮಗೆಲ್ಲ ಅದೂ ಮೆಸೇಜು, ಇದೂ ಮೆಸೇಜು, ಅಲ್ವಾ? ವಾಟ್ಸಾಪು ನೆಟ್‌ನಲ್ಲಿ ಬರುವುದು. ಒಟಿಪಿ ಬರುವುದು ಎಸ್ಸೆಮ್ಮೆಸ್‌ನಲ್ಲಿ. ಆ ಒಂದು ದಾರಿ ಮುಚ್ಚಿದೆ ಎಂದು ಫೋನು ಎಲ್ಲೂ ಹೇಳುವುದಿಲ್ಲ. ಮೇಲೆ ಟವರಿನ ಕಡ್ಡಿಗಳು ಪೂರ್ತಿ ನಿಂತಿರುತ್ತವೆ. ನಾನು ಖುಷಿಯಲ್ಲಿ ಮಲಗಿದೆ. 5ಜಿ ಇನ್ನೂ ಬಂದಿರಲಿಲ್ಲ, ಬೆಳಿಗ್ಗೆ ಬರಬಹುದು ಅಂದುಕೊಂಡೆ.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೇ ಜಗಲಿಯಲ್ಲಿ ಕುರ್ಚಿ ಹಾಕಿ ಕೂತೆ. ಅಮ್ಮ ಪಕ್ಕದಲ್ಲಿ ತುಳಸಿಮಾಲೆ ಹಿಡಿದು ಕೂತಿದ್ದರು. ಟಿಕೆಟಿಗೂ ಜಪ. 10 ಗಂಟೆ ಹೊಡೆಯಿತು. ಥರ್ಡ್ ಎಸಿಯಲ್ಲಿ ಸೀಟು ಇತ್ತು. ಹೆಸರು ಹಾಕಿದೆ, ಮುಂದೆ ಒತ್ತಿದೆ. ಆಧಾರ್ ಜೊತೆ ಇರುವ ನಂಬರಿಗೆ ಒಟಿಪಿ ಕಳಿಸಿದ್ದೇವೆ, ಹಾಕಿ ಎಂದು ಬಂತು. 2025ರ ಜುಲೈ 15ರಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಒಟಿಪಿ ಕಡ್ಡಾಯ ಮಾಡಿದ್ದಾರೆ, ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೀಗೆ ಮಾಡಿದೆ ನೋಡಿ.

ಒಟಿಪಿ ಬರಲಿಲ್ಲ. ಮತ್ತೆ ಕಳಿಸಿ ಎಂದು ಒತ್ತಿದೆ. ಬರಲಿಲ್ಲ. ಎದ್ದು ಅಂಗಳಕ್ಕೆ ಹೋದೆ, ಮಳೆಯಲ್ಲಿ ಕೊಡೆ ಹಿಡಿದು ತೆಂಗಿನ ಮರದ ಬುಡದಲ್ಲಿ ಫೋನ್ ಎತ್ತಿ ಹಿಡಿದು ನಿಂತೆ. ಫೋನ್ ಆಫ್ ಮಾಡಿ ಆನ್ ಮಾಡಿದೆ. ಸಿಮ್ ತೆಗೆದು ಬನಿಯನ್ನಿಗೆ ಒರೆಸಿ ಹಾಕಿದೆ. ಅಷ್ಟರಲ್ಲಿ ಥರ್ಡ್ ಎಸಿ ಮುಗಿದಿತ್ತು. ಹೆಂಡತಿ ಹೇಳಿದಳು, "ನನ್ನ ಫೋನಲ್ಲಿ ನೋಡುವನಾ?" ಅವಳ ರೈಲ್ವೆ ಖಾತೆಗೆ ಆಧಾರ್ ಜೋಡಿಸಿರಲಿಲ್ಲ. 11 ಗಂಟೆಗೆ ಸ್ಲೀಪರ್. ಅದೇ ಕತೆ. "ಒಟಿಪಿ ಹಾಕಿ" ಎಂಬ ಆ ಖಾಲಿ ಡಬ್ಬಿ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಇಂದ್ರಾಳಿ ಸ್ಟೇಷನ್ನಿಗೆ ಸ್ಕೂಟರ್ ಓಡಿಸಿದೆ. ಕೌಂಟರಿನಲ್ಲಿದ್ದವರು ನನ್ನ ಮುಖ ನೋಡಿಯೇ ತಲೆ ಅಲ್ಲಾಡಿಸಿದರು. ತತ್ಕಾಲ್‌ಗೆ ಅಲ್ಲಿ ಬೆಳಗ್ಗೆಯೇ ಲೈನು ನಿಂತಿರುತ್ತಾರೆ, ನಾನು ಹೋದದ್ದು ಹನ್ನೊಂದೂವರೆ ದಾಟಿ.

ಮರುದಿನ ಮತ್ತೆ ನೋಡೋಣ ಎಂದೆ. ಅಮ್ಮ ಕೇಳಲಿಲ್ಲ. "ನಿನ್ನ ಫೋನು ಸರಿ ಆಗುವವರೆಗೆ ನಾನು ಕೂರುದಾ? ಬಸ್ಸಿಗೆ ಮಾಡು" ಎಂದರು. ಬಸ್ ಏಜೆನ್ಸಿಯಲ್ಲಿ ಯುಪಿಐ ಮಾಡಲು ಹೋದರೆ ಅದೂ ಇಲ್ಲ. ಸಿಮ್ ಬದಲಾಗಿದೆ, ಮತ್ತೆ ವೆರಿಫೈ ಮಾಡಿ ಎಂದಿತು ಆ್ಯಪ್. ವೆರಿಫೈ ಆಗಬೇಕಾದರೆ ನನ್ನ ಫೋನಿನಿಂದ ಒಂದು ಎಸ್ಸೆಮ್ಮೆಸ್ ಹೋಗಬೇಕು. ಅದು ಹೋಗುವುದಿಲ್ಲವಲ್ಲ! ಕೊನೆಗೆ ಹೆಂಡತಿ ಮನೆಯಿಂದ ಹಣ ಕಳಿಸಿದಳು. ಸ್ಲೀಪರ್ ಬಸ್ಸಿನಲ್ಲಿ ಎರಡು ಬರ್ತ್ ಸಿಕ್ಕಿತು, ಎರಡೂ ಮೇಲಿನದ್ದು. ಕೆಳಗಿನ ಬರ್ತಿನ ಒಬ್ಬರು ಪುಣ್ಯಾತ್ಮರು ಅಮ್ಮನ ಕಾಲು ನೋಡಿ ಜಾಗ ಬಿಟ್ಟುಕೊಟ್ಟರು. ಆದರೂ ಊಟಕ್ಕೆ, ಬಾತ್‌ರೂಮಿಗೆ ನಿಲ್ಲಿಸಿದಲ್ಲೆಲ್ಲ ಆ ಎತ್ತರದ ಮೆಟ್ಟಿಲು ಇಳಿಸಿ ಹತ್ತಿಸಬೇಕು. ಒಂದೊಂದು ಮೆಟ್ಟಿಲಿಗೂ ಅವರು ನನ್ನ ಭುಜ ಹಿಡಿದ ಬಿಗಿ ಬೇರೆಯೇ. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅಂಕೋಲಾ ಹತ್ತಿರ ಬಸ್ಸು ಊಟಕ್ಕೆ ನಿಂತಾಗ ಜೇಬಿನಲ್ಲಿ ಫೋನು ಟಿಂಗ್ ಎಂದಿತು. 24 ಗಂಟೆ ಮುಗಿದಿತ್ತು. ಮೊದಲ ಎಸ್ಸೆಮ್ಮೆಸ್: ಕಂಪನಿಯ ರೀಚಾರ್ಜ್ ಆಫರ್.

ಈಗ 5ಜಿ ಬಂತಾ ಎಂದು ಕೇಳುತ್ತೀರಿ. ಇಲ್ಲ ಮಾರಾಯ್ರೆ! ಹೊಸ ಸಿಮ್ಮಿನಲ್ಲೂ 4ಜಿ. ಮುಂಬೈಯ ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕನ ಮಗ ನನ್ನ ಫೋನ್ ತಗೊಂಡ. ಸೆಟ್ಟಿಂಗ್ಸ್, ಮೊಬೈಲ್ ನೆಟ್‌ವರ್ಕ್, ಅದರೊಳಗೆ "ಪ್ರಿಫರ್ಡ್ ನೆಟ್‌ವರ್ಕ್ ಟೈಪ್" ಅಂತ ಒಂದು ಜಾಗ. ಅಲ್ಲಿ ಎಲ್‌ಟಿಇ, ಅಂದರೆ 4ಜಿ ಎಂದಿತ್ತು. 5ಜಿ ಎಂದು ಮಾಡಿ ವಾಪಸ್ ಕೊಟ್ಟ. ಅರ್ಧ ನಿಮಿಷವೂ ಇಲ್ಲ. ಮೇಲೆ 5ಜಿ ಬಂತು. "ಮಾಮ, ಹಳೇ ಸಿಮ್ಮಲ್ಲೂ ಬರ್ತಿತ್ತು" ಎಂದ. ನಾನು ಟೀ ತರುತ್ತೇನೆ ಎಂದು ಎದ್ದು ಹೋದೆ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಎನ್ನುತ್ತೇನೆ, ಬೇಜಾರು ಮಾಡಬೇಡಿ. ಈಗಿನ ಸಿಮ್ಮಿನಲ್ಲಿ 4ಜಿ ಬರುತ್ತಿದೆ ಎಂದು ನೀವೇ ಬರೆದಿದ್ದೀರಿ. ಅಲ್ಲಿಗೆ ಮುಗಿಯಿತು, ಸಿಮ್ ಸರಿ ಇದೆ. ನಮ್ಮ ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಆಗಲೇ ಜಿಯೋ, ಏರ್‌ಟೆಲ್ ಎರಡೂ 4ಜಿ ಸಿಮ್ಮಿನಲ್ಲೇ 5ಜಿ ನಡೆಯುತ್ತದೆ, ಹೊಸ ಸಿಮ್ ಬೇಡ ಎಂದಿದ್ದವು. ಸಿಮ್ ಅಂದರೆ ಬೀಗದ ಕೈ ಇದ್ದ ಹಾಗೆ. ನೀವು ಯಾರು, ನಿಮ್ಮನ್ನು ಒಳಗೆ ಬಿಡಬಹುದಾ ಎಂದು ಟವರಿಗೆ ಹೇಳುವುದಷ್ಟೇ ಅದರ ಕೆಲಸ. ಸ್ಪೀಡು ಇರುವುದು ಫೋನಿನಲ್ಲಿ ಮತ್ತು ಟವರಿನಲ್ಲಿ.

ಸೆಟ್ಟಿಂಗ್ ಸರಿ ಇದ್ದರೂ ಬರದಿದ್ದರೆ ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಆಮೇಲೂ ಇಲ್ಲದಿದ್ದರೆ ಜಾಗದ್ದೇ ತೊಂದರೆ ಇರಬಹುದು. ಮಣಿಪಾಲದಲ್ಲಿ ನನ್ನ ಫೋನು 5ಜಿಯಲ್ಲಿ ಓಡುತ್ತದೆ, ಮನೆಯ ತೋಟಕ್ಕೆ ಬಂದರೆ 4ಜಿಗೆ ಇಳಿಯುತ್ತದೆ. 5ಜಿಗೆ ಹೆಚ್ಚಾಗಿ ಬಳಸುವ 3500 ಮೆಗಾಹರ್ಟ್ಸ್ ಸುತ್ತಿನ ಅಲೆ ಸ್ಪೀಡು ಜಾಸ್ತಿ ಕೊಡುತ್ತದೆ, ಆದರೆ ದೂರ ಹೋಗುವುದಿಲ್ಲ, ಗೋಡೆ ಮರ ಅಡ್ಡ ಬಂದರೆ ಸೋಲುತ್ತದೆ. ನನ್ನ ಅಡಿಕೆ ತೋಟಕ್ಕೆ ಯಾವ ಸಿಮ್ ಹಾಕಿದರೂ ಪ್ರಯೋಜನವಿಲ್ಲ.

ಸಿಮ್ ನಿಜವಾಗಿ ಬದಲಾಯಿಸಬೇಕಾದವರು ಇದ್ದಾರೆ. 2ಜಿ, 3ಜಿ ಕಾಲದ ಸಿಮ್ ಇಟ್ಟುಕೊಂಡು 4ಜಿಯೇ ಬರದವರು. ಬಿಎಸ್ಸೆನ್ನೆಲ್ ಹಳೆಯ ಸಿಮ್ ಇರುವ ಮನೆಗಳು ನಮ್ಮ ಕಡೆ ಇನ್ನೂ ಬೇಕಾದಷ್ಟು ಇವೆ. ಅದರ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ಉದ್ಘಾಟಿಸಿದರು, ಹಳೆಯ ಸಿಮ್ಮಿನವರು ಅದಕ್ಕೆ ಹೊಸ ಕಾರ್ಡ್ ಹಾಕಿಸಬೇಕು. ಹೋಗುವ ಮೊದಲು ಸಿಮ್ಮಿನಲ್ಲಿ ಸೇವ್ ಆಗಿರುವ ನಂಬರುಗಳನ್ನು ಫೋನಿಗೆ ಇಳಿಸಿಕೊಳ್ಳಿ, ಅವು ಹೊಸ ಕಾರ್ಡಿಗೆ ತಾವಾಗಿ ಬರುವುದಿಲ್ಲ. ಒಟಿಪಿ ಬೇಕಾಗದ ದಿನ ನೋಡಿ ಹೋಗಿ. ಫೀಸು ಕಟ್ಟುವುದು, ಟಿಕೆಟು, ಬ್ಯಾಂಕು ಏನೂ ಇಲ್ಲದ ದಿನ. ಕಿಸೆಯಲ್ಲಿ ನೋಟು ಇರಲಿ. ಕಂಪನಿಯನ್ನೇ ಬದಲಾಯಿಸುವ ಯೋಚನೆ ಇದ್ದರೆ ಇನ್ನೊಂದು: 2024ರ ಜುಲೈ 1ರಿಂದ, ಸಿಮ್ ಬದಲಾಯಿಸಿದ ಮೇಲೆ 7 ದಿನ ನಂಬರ್ ಪೋರ್ಟ್ ಮಾಡಲು ಬಿಡುವುದಿಲ್ಲ.

ಆ 24 ಗಂಟೆಯ ನಿಯಮವನ್ನು ನಾನು ಬಸ್ಸಿನಲ್ಲಿ ರಾತ್ರಿಯಿಡೀ ಬೈದಿದ್ದೆ. ಆಮೇಲೆ ಯಾಕೆ ಎಂದು ತಿಳಿಯಿತು. ಕಳ್ಳರು ಫೋನ್ ಮಾಡಿ "ನಿಮ್ಮ ಸಿಮ್ ಬಂದ್ ಆಗ್ತದೆ, 5ಜಿಗೆ ಅಪ್‌ಗ್ರೇಡ್ ಮಾಡಿಕೊಡ್ತೇವೆ" ಎಂದು ಶುರು ಮಾಡುತ್ತಾರೆ. 8991ರಿಂದ ಶುರುವಾಗುವ, ಸುಮಾರು 20 ಅಂಕಿಯ ನಂಬರೊಂದು ಕೊಟ್ಟು ಕಂಪನಿಗೆ ಎಸ್ಸೆಮ್ಮೆಸ್ ಮಾಡಿ ಎನ್ನುತ್ತಾರೆ. ಅದು ಅವರ ಕೈಯಲ್ಲಿರುವ ಖಾಲಿ ಸಿಮ್ಮಿನ ನಂಬರು. ನೀವು ಕಳಿಸಿ 1 ಒತ್ತಿದರೆ ನಿಮ್ಮ ನಂಬರು ಅವರ ಪಾಲು. ಆಗ ಬ್ಯಾಂಕಿನ ಒಟಿಪಿ ಕೂಡಲೇ ಅವರಿಗೆ ಹೋಗಬಾರದು, ಫೋನು ಸತ್ತದ್ದು ನಿಮಗೆ ಗೊತ್ತಾಗಲು ಒಂದು ದಿನ ಸಿಗಬೇಕು ಎಂದೇ ಆ ತಡೆ. ಸುಮ್ನೆ ಟವರ್ ಹೋಗಿ ಗಂಟೆಗಟ್ಟಲೆ ಬಾರದಿದ್ದರೆ ಬೇರೆ ಫೋನಿನಿಂದ ಮೊದಲು ಕಂಪನಿಗೆ, ಬ್ಯಾಂಕಿಗೆ ಫೋನ್ ಮಾಡಿ. ಹಣ ಹೋಗಿದ್ದರೆ 1930ಕ್ಕೆ.

ಭಾವ ಈಗ ಆರಾಮ ಇದ್ದಾರೆ. ವಾಪಸ್ ಬರುವಾಗ ನಮ್ಮಿಬ್ಬರ ತತ್ಕಾಲ್ ಟಿಕೆಟ್ ಅಕ್ಕನ ಮಗನೇ ಮಾಡಿಕೊಟ್ಟ. ಥರ್ಡ್ ಎಸಿ, ಅಮ್ಮನಿಗೆ ಕೆಳಗಿನ ಬರ್ತ್. ಅವನ ಫೋನು 4ಜಿ.