ಮಳೆನೀರಿಗೆ ರಿಬ್ಬನ್ ಕತ್ತರಿಸುವವರಿಲ್ಲ

ಬಾಗೇಪಲ್ಲಿ ತಾಲ್ಲೂಕಿನ ಓದುಗರೊಬ್ಬರ ಪತ್ರ: 'ನಮ್ಮೂರ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ತಿಂಗಳುಗಳಾದವು. ಫ್ಲೋರೈಡ್ ತುಂಬಿದ ಕೊಳವೆಬಾವಿ ನೀರನ್ನೇ ಕುದಿಸಿ ಕುಡಿಯುತ್ತಿದ್ದೇವೆ. ಇನ್ನೊಂದು ಘಟಕ ಮಂಜೂರಾಗುವಂತೆ ತಾವು ಬರೆಯಬೇಕು.'

ಸ್ವಾಮಿ, ಮೊದಲು ಆ ಕುದಿಸುವುದರ ಭರವಸೆ ಬಿಡಿ. ಕುದಿಸಿದರೆ ರೋಗಾಣು ಸಾಯುತ್ತದೆ. ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪಾಲು ಹೆಚ್ಚುತ್ತದೆ. ನಿಮ್ಮ ಕಡೆಯ ಶಾಲೆಯೊಂದರಲ್ಲಿ ಹುಡುಗಿಯೊಬ್ಬಳು ನಗು ಬಂದಾಗಲೆಲ್ಲ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಫ್ಲೋರೈಡಿನಿಂದ ಹಲ್ಲಿನ ತುಂಬ ಕಂದು ಗೆರೆ.

ಘಟಕ ಬೇಡವೆನ್ನಲು ನಾನ್ಯಾರು? ಕೆಟ್ಟದ್ದು ರಿಪೇರಿಯಾಗಲಿ. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ, ಫ್ಲೋರೈಡೂ ಕಳೆಯುತ್ತದೆ. ಆದರೆ ಅದು ಓಡುತ್ತಿದ್ದಾಗ ಹಿಂಬದಿಯ ಪೈಪನ್ನು ಬಗ್ಗಿ ನೋಡಿದ್ದಿರಾ? ಕ್ಯಾನಿಗೆ ಬಿದ್ದಷ್ಟೇ, ಎಷ್ಟೋ ಕಡೆ ಅದಕ್ಕಿಂತ ಹೆಚ್ಚು, ಉಪ್ಪು-ಫ್ಲೋರೈಡ್ ಸೇರಿದ ನೀರು ಚರಂಡಿಗೆ ಹೋಗುತ್ತದೆ. ನೀರು ಸೋಸುವ ಪೊರೆ (ಮೆಂಬ್ರೇನ್) ಕಟ್ಟಿಕೊಂಡ ದಿನ ಗುತ್ತಿಗೆದಾರ ಫೋನ್ ಎತ್ತುವುದಿಲ್ಲ, ಪಂಚಾಯಿತಿ ಹಣವಿಲ್ಲ ಎನ್ನುತ್ತದೆ. ಎರಡನೆಯ ಘಟಕಕ್ಕೂ ಇದೇ ಗತಿ.

ಎರಡು ಪುಟದ ನಿಮ್ಮ ಪತ್ರದಲ್ಲಿ ಮಳೆಯ ಸುದ್ದಿಯೇ ಇಲ್ಲವಲ್ಲ! ಫ್ಲೋರೈಡ್ ಬರುವುದು ಆಳದ ಕಲ್ಲಿನಿಂದ. ಮಳೆನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಒಂದು ಚದರ ಮೀಟರ್ ಮಾಳಿಗೆಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 30 ಚದರ ಮೀಟರ್ ಮಾಳಿಗೆ, ಬರೀ 500 ಮಿ.ಮೀ. ಮಳೆ ಎಂದಿಟ್ಟುಕೊಳ್ಳಿ: 15,000 ಲೀಟರ್. ಮೊದಲ ಮಳೆಯ ಕೊಳೆ ಹೊರಬಿಟ್ಟು, ಸೋರಿದ್ದು ಕಳೆದು 12,000 ಉಳಿಯಲಿ. ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಬಳಸಿದರೂ 400 ದಿನ. ಅಷ್ಟು ದೊಡ್ಡ ಮುಚ್ಚಿದ ತೊಟ್ಟಿಗೆ ದುಡ್ಡು ಬೇಕು, ಒಪ್ಪಿದೆ. ಕೊಳವೆಬಾವಿಗೇನು ಪುಕ್ಕಟೆ ಕೊರೆಯುತ್ತಾರೆಯೇ? ಅಂತರ್ಜಲ ಉಪ್ಪಾದ ಧಾರವಾಡ ಜಿಲ್ಲೆಯ ನವಲಗುಂದವನ್ನು ನೋಡಿ. ನೀಲಮ್ಮನ ಕೆರೆಯನ್ನು ನಂಬಿ ಆ ಊರು ಬಾಳಿತು.

ನಮ್ಮ ದೊರೆಗಳಿಗೆ ದೂರದ ನೀರೇ ರುಚಿ. ಪಶ್ಚಿಮ ಘಟ್ಟದ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಗೆ ನಿಮ್ಮ ಜಿಲ್ಲೆಯಲ್ಲೇ ಶಂಕುಸ್ಥಾಪನೆಯಾದದ್ದು 2014ರಲ್ಲಿ. ಮೊದಲ ಹಂತದ ಉದ್ಘಾಟನೆ 2024ರಲ್ಲಿ, ಅದೂ ಸಕಲೇಶಪುರದಲ್ಲಿ! ಈ ಹತ್ತು ವರ್ಷವೂ ನಿಮ್ಮ ಮಾಳಿಗೆಯ ಮೇಲೆ ಮಳೆ ಬಿದ್ದಿದೆ. ಅದಕ್ಕೆ ಶಿಲಾಫಲಕವಿಲ್ಲ, ಟೆಂಡರ್ ಇಲ್ಲ, ಹಾಗಾಗಿ ಕೇಳುವವರೂ ಇಲ್ಲ.

ಕೆಟ್ಟ ಘಟಕದ ವಿಷಯವಾಗಿ ನಿಮ್ಮ ಪತ್ರವನ್ನು ಜಿಲ್ಲಾ ಪಂಚಾಯಿತಿಗೆ ಕಳುಹಿಸುತ್ತಿದ್ದೇವೆ. ಎರಡನೆಯದಕ್ಕೆ ಮಾತ್ರ ನನ್ನ ಶಿಫಾರಸು ಕೇಳಬೇಡಿ.
— ಸಂ.