ಡೆಟ್‌ನಲ್ಲಿ ‘ಬಿ’ ಏಕೆ? ರಜೆಯಲ್ಲೂ ಓದುತ್ತಿರುವ ಹುಡುಗಿಗೆ ಉತ್ತರ

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ಜೂನ್‌ಗೆ ಹತ್ತನೇ ಕ್ಲಾಸು. ಬೇಸಿಗೆ ರಜೆ ಶುರುವಾದಾಗಿನಿಂದ ಅಪ್ಪ ದಿನಾ ಇಂಗ್ಲಿಷ್ ಸ್ಪೆಲ್ಲಿಂಗ್ ಬರೆಸುತ್ತಾರೆ. ತಪ್ಪಿದರೆ ಅದನ್ನೇ ಇಪ್ಪತ್ತು ಸಲ ಬರೆಯಬೇಕು. ಸಾಲ ಅನ್ನುವ ಡೆಟ್‌ನಲ್ಲಿ (debt) ಬಿ ಬಿಟ್ಟೆ, ರಾತ್ರಿ ಅನ್ನುವ ನೈಟ್‌ನಲ್ಲಿ (night) ಜಿ-ಎಚ್ ಬಿಟ್ಟೆ, ಬೈಸಿಕೊಂಡೆ. ಬಾಯಲ್ಲಿ ಹೇಳದ ಅಕ್ಷರಗಳನ್ನು ಅಲ್ಲಿ ಯಾರು ಇಟ್ಟರು? ನನ್ನ ತಮ್ಮ ಅಜ್ಜಿ ಊರಲ್ಲಿ ಮಾವಿನಕಾಯಿ ತಿನ್ನುತ್ತಿದ್ದಾನೆ. ಅಪ್ಪ ನಿಮ್ಮ ಪತ್ರಿಕೆ ಓದುತ್ತಾರೆ. ಅವರಿಗೂ ಒಂದು ಮಾತು ಹೇಳಿ.
– ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ:

ಪ್ರೀತಿಯ ತಂಗಿ,

ನೀನು ಬಿ ಬಿಟ್ಟು ಬರೆದೆ ಅಲ್ವಾ? ಇಂಗ್ಲಿಷರೂ ಒಂದು ಕಾಲದಲ್ಲಿ ಹಾಗೇ ಬರೆಯುತ್ತಿದ್ದರು. ಫ್ರೆಂಚಿನಿಂದ ಬಂದಾಗ ಆ ಪದದಲ್ಲಿ ಬಿ ಇರಲೇ ಇಲ್ಲ. ಆಮೇಲೆ ಲ್ಯಾಟಿನ್ ಓದಿದ ಪಂಡಿತರು ಇದರ ಮೂಲ ‘ಡೆಬಿಟುಮ್’ ಎಂದು ನೆನಪಿಸಿಕೊಂಡು ಬಿ ತಂದು ಸೇರಿಸಿದರು. ಅದು ಹಾಳೆಯ ಮೇಲೆ ಬಂತು, ಜನರ ಬಾಯಿಗೆ ಬರಲೇ ಇಲ್ಲ. ಡೌಟ್‌ನ ಬಿ, ರಿಸೀಟ್‌ನ ಪಿ ಬಂದಿದ್ದೂ ಹೀಗೇ. ಐಲ್ಯಾಂಡ್‌ನ ಎಸ್ ಕತೆ ಇನ್ನೂ ತಮಾಷೆ. ಅದು ಲ್ಯಾಟಿನ್ ಮೂಲದ್ದೇ ಅಲ್ಲ, ಅಪ್ಪಟ ಹಳೆ ಇಂಗ್ಲಿಷ್ ಪದ. ದ್ವೀಪಕ್ಕೆ ಇರುವ ಇನ್ನೊಂದು ಪದ ‘ಐಲ್’ ಮಾತ್ರ ಲ್ಯಾಟಿನ್ ಕಡೆಯದು. ಎರಡೂ ನೆಂಟರು ಎಂದು ತಪ್ಪಾಗಿ ತಿಳಿದು ಇದಕ್ಕೂ ಎಸ್ ಹಾಕಿಬಿಟ್ಟರು. ಅವರು ತಪ್ಪಿದ್ದಕ್ಕೆ ಹಾವೇರಿಯ ಹುಡುಗಿ ಇಪ್ಪತ್ತು ಸಲ ಬರೆಯಬೇಕು!

ನೈಟ್‌ನ ಜಿ-ಎಚ್ ಹಾಗಲ್ಲ. ಅದು ನಿಜವಾಗಿಯೂ ಬಾಯಲ್ಲಿತ್ತು. ಗಂಟಲಿನಿಂದ ಬರುವ ‘ಖ್’ ತರಹದ ಸದ್ದು. ಜರ್ಮನರು ಇವತ್ತಿಗೂ ರಾತ್ರಿಗೆ ‘ನಾಖ್ಟ್’ ಎನ್ನುತ್ತಾರೆ. ಮೊಣಕಾಲಿಗೆ ಇಂಗ್ಲಿಷಿನಲ್ಲಿ ‘ನೀ’ ಎನ್ನುತ್ತೇವಲ್ಲ, ಅದರ ಮುಂದಿನ ಕೆ ಕೂಡ ಹಿಂದೆ ಕೇಳಿಸುತ್ತಿತ್ತು. ಜರ್ಮನರ ಬಾಯಲ್ಲಿ ಅದು ಈಗಲೂ ‘ಕ್ನೀ’. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಅಚ್ಚುಕೂಟ ಹಾಕಿದ. ಅಚ್ಚಾದ ಪುಸ್ತಕ ಜಾಸ್ತಿಯಾದಂತೆ ಸ್ಪೆಲ್ಲಿಂಗ್ ನಿಧಾನವಾಗಿ ಗಟ್ಟಿಯಾಯಿತು. ಆದರೆ ಅದೇ ಕಾಲದಲ್ಲಿ ಜನರ ಉಚ್ಚಾರ ಬದಲಾಗುತ್ತಲೇ ಇತ್ತು. ಮಕ್ಕಳೆಲ್ಲ ಕೇಳುವ ‘ಪುಟ್’, ‘ಬಟ್’ ಗೊಂದಲವೂ ಇಲ್ಲೇ ಹುಟ್ಟಿದ್ದು. ಉತ್ತರ ಇಂಗ್ಲೆಂಡಿನ ಅನೇಕ ಕಡೆ ಈಗಲೂ ‘ಬಟ್’ ಅನ್ನು ಪುಟ್‌ನ ಹಾಗೆ ‘ಬುಟ್’ ಎಂದೇ ಹೇಳುತ್ತಾರೆ.

ಕನ್ನಡದಲ್ಲೂ ಸದ್ದುಗಳು ಕಳೆದುಹೋಗಿವೆ. ಏಳು, ಕೋಳಿ ಪದಗಳಲ್ಲಿ ಹಿಂದೆ ‘ೞ’ ಇತ್ತು. ತಮಿಳರು ಆ ಸದ್ದನ್ನು ಉಳಿಸಿಕೊಂಡಿದ್ದಾರೆ. ನಮ್ಮ ಬಾಯಿಂದ ಅದು ಹೋದ ಮೇಲೆ ನಾವು ಅಕ್ಷರವನ್ನೂ ಬಿಟ್ಟೆವು. ಮಕ್ಕಳಿಗೆ ಇದರಿಂದ ದೊಡ್ಡ ಉಪಕಾರವಾಯಿತು ಎಂದೇ ನಾನು ನಂಬಿದ್ದೇನೆ. ಹಾಗಂತ ನಾವು ಆಡಿದಂತೆಯೇ ಬರೆಯುತ್ತೇವೆ ಎನ್ನುವಂತಿಲ್ಲ. ನಿಮ್ಮ ಮನೆಯಲ್ಲಿ ‘ಬರಸ್ತಾರ’ ಅಂತೀರಿ, ನನಗೆ ‘ಬರೆಸುತ್ತಾರೆ’ ಎಂದು ಬರೆದಿದ್ದೀಯ.

ಇನ್ನು ಕಲಿಯುವ ದಾರಿ. ಪದಗಳನ್ನು ಒಂಟಿಯಾಗಿ ಬಾಯಿಪಾಠ ಮಾಡಬೇಡ, ಬಳಗದ ಜೊತೆ ನೋಡು. ಅಪ್ಪನ ಪಾಸ್‌ಬುಕ್ ತೆರೆ. ಅಲ್ಲಿ ‘ಡೆಬಿಟ್’ ಎಂದಿರುತ್ತದೆ, ಬಿ ಚೆನ್ನಾಗಿ ಕೇಳಿಸುತ್ತದೆ. ‘ಸೈನ್’ನಲ್ಲಿ ಸುಮ್ಮನಿರುವ ಜಿ ‘ಸಿಗ್ನಲ್’ನಲ್ಲಿ ಮಾತಾಡುತ್ತದೆ. ನೈಟ್, ಲೈಟ್, ರೈಟ್, ಫೈಟ್ ಇವನ್ನು ಒಟ್ಟಿಗೇ ಕಲಿ. ಒಂದು ಬಂದರೆ ನಾಲ್ಕೂ ಬಂದವು.

ಈಗ ನಿನ್ನ ತಂದೆಯವರಿಗೆ. ಸರ್, ಎಸ್ಸೆಸ್ಸೆಲ್ಸಿ ಎಂದರೆ ಮನೆಮಂದಿಗೆಲ್ಲ ಎಷ್ಟು ಆತಂಕ ಎಂದು ನನಗೆ ಗೊತ್ತು. ನಿಮ್ಮ ಕಾಳಜಿಯ ಬಗ್ಗೆ ಗೌರವವಿದೆ. ಆದರೆ ಒಂದೇ ಪದವನ್ನು ಇಪ್ಪತ್ತು ಸಲ ಬರೆಸಿದರೆ ಕೊನೆಕೊನೆಗೆ ಕೈ ಮಾತ್ರ ಬರೆಯುತ್ತದೆ, ತಲೆ ಎಲ್ಲೋ ಇರುತ್ತದೆ. ನೆನಪಿನ ಬಗ್ಗೆ ಮೊದಲು ಪ್ರಯೋಗ ಮಾಡಿದವರಲ್ಲಿ ಒಬ್ಬರಾದ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಒಂದು ಮಾತು ತೋರಿಸಿಕೊಟ್ಟರು. ಒಂದೇ ದಿನ ಒತ್ತಿ ಕಲಿತದ್ದಕ್ಕಿಂತ, ದಿನಗಳ ಬಿಡುವು ಕೊಟ್ಟು ಕಲಿತದ್ದು ಚೆನ್ನಾಗಿ ನಿಲ್ಲುತ್ತದೆ. ಆದ್ದರಿಂದ ಇವತ್ತು ಒಮ್ಮೆ ಬರೆಸಿ. ಎರಡು ದಿನ ಬಿಟ್ಟು ನೋಡದೆ ಬರೆಯಲು ಹೇಳಿ. ವಾರದ ಮೇಲೆ ಇನ್ನೊಮ್ಮೆ ಕೇಳಿ. ನಡುವಿನ ದಿನಗಳಲ್ಲಿ ಅವಳು ಅಜ್ಜಿಯ ಊರಲ್ಲಿದ್ದರೆ ಕಲಿಕೆಗೆ ಏನೂ ನಷ್ಟವಿಲ್ಲ. ಫೋನಿನಲ್ಲೇ ಸ್ಪೆಲ್ಲಿಂಗ್ ಕೇಳಬಹುದು. ಮಾವು ಮುಗಿಯುವ ಮೊದಲು ದಯವಿಟ್ಟು ಅವಳನ್ನು ಬಸ್ಸು ಹತ್ತಿಸಿ.

– ಸಂಪಾದಕ